ಅವ್ವನಿಗೆ ಬೇಕಾದ ಮಣ್ಣು

ತಾನು ಸತ್ತ ಮೇಲೆ ಎಲ್ಲಿ ಮಲಗಬೇಕು ಎಂಬುದನ್ನು ನನ್ನ ಅವ್ವ ಬಹಳ ಹಿಂದೆಯೇ ತೀರ್ಮಾನಿಸಿದ್ದಾಳೆ. ಅಪ್ಪನ ಕುಣಿಯಲ್ಲೇ, ಅದೇ ಮಣ್ಣಿನಲ್ಲೇ, ಮೇಲೆ ಕಲ್ಲು ಗಿಲ್ಲು ಏನೂ ಇಲ್ಲದೆ. ಇದನ್ನು ಹೇಳುವಾಗ ಅವಳ ದನಿಯಲ್ಲಿ ದುಃಖವಿರುವುದಿಲ್ಲ. ಮಿರಜ ಸ್ಟೇಷನ್ನಿನಲ್ಲಿ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವವರ ದನಿ ಇರುತ್ತದಲ್ಲ, ಅದೇ ದನಿ.

ನಮ್ಮ ಸ್ಮಶಾನದಲ್ಲಿ ಇದು ವಿಚಿತ್ರವಾದ ಆಸೆಯೇನಲ್ಲ. ಜಾಗ ಚಿಕ್ಕದು, ಸುತ್ತ ಮನೆಗಳು ಎದ್ದಿವೆ, ಒಂದು ಕಡೆ ರೈಲು ಹಳಿ. ಎಂಟು ಹತ್ತು ವರ್ಷ ಕಳೆದ ಮಣ್ಣಿನ ಕುಣಿಯನ್ನು ಮತ್ತೆ ತೆಗೆದು ಅದೇ ಮನೆಯ ಇನ್ನೊಬ್ಬರನ್ನು ಇಡುವುದು ಹಿಂದಿನಿಂದ ಬಂದ ಪದ್ಧತಿ. ಅತ್ತೆಯ ಮೇಲೆ ಸೊಸೆ, ಅಣ್ಣನ ಮೇಲೆ ತಮ್ಮ. "ಬದುಕಿದ್ದಾಗ ಒಂದ ಖೋಲಿಯಾಗ ಆರು ಮಂದಿ ಮಲಗೇವಿ. ಈಗೇನು ತ್ರಾಸ?" ಎಂದು ಅವ್ವ ಕೇಳುತ್ತಾಳೆ.

ತ್ರಾಸು ಶುರುವಾದದ್ದು ಕಲ್ಲುಗಳಿಂದ. ಮೊದಲು ಸಿಮೆಂಟು ಬಂತು, ಆಮೇಲೆ ಬಾತ್‌ರೂಮಿನ ಟೈಲ್ಸು, ಆಮೇಲೆ ಗ್ರಾನೈಟು. ಒಮ್ಮೆ ಕಲ್ಲು ಬಿತ್ತೆಂದರೆ ಆ ಜಾಗ ಶಾಶ್ವತವಾಗಿ ಮುಚ್ಚಿದಂತೆ. ಹೀಗೆ ಕಲ್ಲು ಹಾಕಿಸಿದವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಒಪ್ಪಿಕೊಳ್ಳಬೇಕಾದದ್ದು ಇನ್ನೂ ಇದೆ.

ನಾನು ಸಾಂಗಲಿಯ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ದಿನಾ ಮಿರಜದಿಂದ ಹೋಗಿ ಬರುತ್ತೇನೆ. ಬಿ.ಎ. ಓದುವಾಗಿನಿಂದ ಡೈರಿ ಬರೆಯುತ್ತಿದ್ದೇನೆ, ಆದರೂ ನನ್ನ ನೆನಪಿನ ಮೇಲೆ ನನಗೆ ವಿಶ್ವಾಸವಿಲ್ಲ. ಡೈರಿ ನೆನಪಿಗಿಂತ ಸ್ವಲ್ಪ ಕಡಿಮೆ ಸುಳ್ಳು ಹೇಳುತ್ತದೆ, ಅಷ್ಟೇ. ಈಗ ಬರೆಯುತ್ತಿರುವುದರಲ್ಲಿ ಮಾತುಗಳು ಹೀಗೆಯೇ ಇದ್ದವೆಂದು ಪ್ರಮಾಣ ಮಾಡಲಾರೆ. ಅವ್ವನ ಮಾತುಗಳನ್ನು ಮಾತ್ರ ನಂಬಬಹುದು. ಅವು ಒಮ್ಮೆ ಚುಚ್ಚಿದರೆ ಹಾಗೇ ಉಳಿಯುತ್ತವೆ.

ಅವ್ವ ಮೂವತ್ತು ವರ್ಷ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದಳು. ಅಥಣಿ, ರಾಯಬಾಗ, ಬಿಜಾಪುರದ ಕಡೆಯಿಂದ ಬರುವ ಬಾಣಂತಿಯರಿಗೆ ಡಾಕ್ಟರರ ಮರಾಠಿಯನ್ನು ಕನ್ನಡಕ್ಕೆ ತಿರುಗಿಸಿ, ಅದರ ಜೊತೆಗೆ ತನ್ನದೊಂದು ಬೈಗುಳವನ್ನೂ ಸೇರಿಸಿ ಕೊಡುವುದು ಅವಳ ಕೆಲಸ. ಅಪ್ಪ ರೈಲ್ವೆಯಲ್ಲಿದ್ದ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಒಂದು ವರ್ಷದ ಮೇಲೆ ನಾನು ಕಲ್ಲು ಹಾಕಿಸಿದೆ: ಕರಿಯ ಗ್ರಾನೈಟು, ಮುಖ ಕಾಣುವಷ್ಟು ಹೊಳಪು, ಬಂಗಾರದ ಬಣ್ಣದಲ್ಲಿ ಹೆಸರು. ಅವ್ವ ಅದನ್ನು ನೋಡಿ ಆಗ ಏನೂ ಅನ್ನಲಿಲ್ಲ. ಅದು ಅವಳ ಸ್ವಭಾವವಲ್ಲ, ನಾನು ಆಗಲೇ ಎಚ್ಚರಗೊಳ್ಳಬೇಕಿತ್ತು.

ಇನ್ನೊಂದು ವಿಷಯವೂ ನನ್ನನ್ನು ಎಚ್ಚರಿಸಬೇಕಿತ್ತು. ಅವ್ವ ಸ್ಮಶಾನಕ್ಕೆ ಹೋದಾಗಲೆಲ್ಲ ಚೆಂಡುಹೂವನ್ನು ಕಲ್ಲಿನ ಮೇಲೆ ಇಡುತ್ತಿರಲಿಲ್ಲ. ಅದರ ಎಡಕ್ಕೆ, ಗರಿಕೆ ಬೆಳೆದ ಬರೀ ನೆಲದ ಮೇಲೆ ಇಡುತ್ತಿದ್ದಳು. ನಾನು ಅದನ್ನು ಕಣ್ಣಿನ ಪೊರೆ ಎಂದುಕೊಂಡೆ. ಆಪರೇಷನ್ ಮಾಡಿಸಿದೆ. ಆಪರೇಷನ್ ಆದ ಮೇಲೂ ಅಲ್ಲೇ ಇಟ್ಟಳು. ನಾನು ಡಾಕ್ಟರರನ್ನು ಬೈದುಕೊಂಡೆ.

"ಅವ್ವಾ, ಕಲ್ಲು ಇಲ್ಲೈತಿ."

"ಕಾಣತೈತಿ. ಅಷ್ಟ ದೊಡ್ಡದು ಕಾಣಂಗಿಲ್ಲೇನು?"

ಹೂವು ಮಾತ್ರ ಎಡಕ್ಕೇ.

*

ನಮ್ಮ ಗುಡಿಯಲ್ಲಿ, ನಾವು ಚರ್ಚಿಗೂ ಗುಡಿ ಎಂದೇ ಅನ್ನುತ್ತೇವೆ, ಬೆಳಿಗ್ಗೆ ಮರಾಠಿ ಆರಾಧನೆ, ಅದು ಮುಗಿದ ಮೇಲೆ ನಮ್ಮ ಕನ್ನಡದ್ದು. ನಲವತ್ತು ಜನ ಸೇರಿದರೆ ಹಬ್ಬ. ಹಾಡು ಕನ್ನಡದಲ್ಲಿ, ಮಕ್ಕಳನ್ನು ಗದರಿಸುವುದು ಮರಾಠಿಯಲ್ಲಿ. ಹೊಸ ಪಾಸ್ಟರು ಧಾರವಾಡದ ಕಡೆಯವರು, ಇನ್ನೂ ವಯಸ್ಸು ಚಿಕ್ಕದು. ಭೂಮಿ ನಮ್ಮೆಲ್ಲರ ಒಂದೇ ಮನೆ, ಅದನ್ನು ನೋಡಿಕೊಳ್ಳುವುದು ವಿಶ್ವಾಸದ ಭಾಗ, ಕೈಬಿಟ್ಟರೂ ನಡೆಯುವ ಸಮಾಜಸೇವೆಯಲ್ಲ ಎಂದು ಅವರು ಮನಸಾರೆ ನಂಬಿದ್ದಾರೆ. ನಾನೂ ನಂಬುತ್ತೇನೆ. ಈಸ್ಟರಿನ ಮುಂಚಿನ ತಪಸ್ಸು ಕಾಲದ ಒಂದು ರವಿವಾರ ಅದರ ಬಗ್ಗೆ ಮಾತಾಡಲು ನನ್ನನ್ನು ಕರೆದರು. ನಮ್ಮ ಕಡೆ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ; ನಾನು ಭೂಗೋಳದ ಬಾಯಿ ಎಂಬ ಒಂದೇ ಕಾರಣಕ್ಕೆ.

ಚೆನ್ನಾಗಿ ಮಾತಾಡಿದೆ ಎಂದು ನನಗನ್ನಿಸಿತು. ಹಾಗನ್ನಿಸಿದಾಗ ಸಾಮಾನ್ಯವಾಗಿ ಏನೋ ತಪ್ಪಿರುತ್ತದೆ. ದೇವರು ಮನುಷ್ಯನನ್ನು ಮಣ್ಣಿನಿಂದ ಮಾಡಿ, ತೋಟದಲ್ಲಿ ಇಟ್ಟು, ಗೇಯಲಿಕ್ಕೆ ಮತ್ತು ಕಾಯಲಿಕ್ಕೆ ಹೇಳಿದ. ಹಾಗಾಗಿ ನಾವು ಇಲ್ಲಿ ಮಾಲೀಕರಲ್ಲ, ವಾಚಮನ್ನರು ಎಂದೆ. ಹೊಳೆಗೆ ಹೋಗುವ ಗಟಾರು, ಪ್ಲಾಸ್ಟಿಕ್ ಹೂವಿನ ಹಾರ, ಕಬ್ಬಿನ ಗದ್ದೆಗೆ ಸುರಿಯುವ ಔಷಧ ಎಲ್ಲ ಬಂದವು. ಕೊನೆಗೆ ಸ್ಮಶಾನಕ್ಕೆ ಬಂದೆ. ಸತ್ತ ಮೇಲೂ ನೆಲವನ್ನು ಹಿಡಿದು ಕೂರುವುದು ಯಾವ ನ್ಯಾಯ, ಅದಕ್ಕಾಗಿ ಎಲ್ಲಿಯದೋ ಗುಡ್ಡವನ್ನು ಕಡಿದು ತರುವುದು ಯಾವ ಭಕ್ತಿ ಎಂದು ಕೇಳಿದೆ. ದನಿ ಕೂಡ ಸ್ವಲ್ಪ ಏರಿತ್ತು.

ಹೊರಗೆ ಬಂದಾಗ ಅವ್ವ ಚಪ್ಪಲಿ ಹುಡುಕುತ್ತಿದ್ದಳು.

"ಬಾಯಿ ಭಾಷಣಾ ಚಲೋ ಆತು," ಎಂದಳು. ಸಿಟ್ಟು ಬಂದಾಗ, ಪ್ರೀತಿ ಬಂದಾಗ ಅವಳಿಗೆ ನಾನು ಬಾಯಿ. "ಒಂದ ಮಾತು ತಿಳೀಲಿಲ್ಲ. ಗುಡ್ಡಾ ಕಡದು ನಿಮ್ಮಪ್ಪನ ಹೆಸರು ಕೆತ್ತಿಸಿದವರು ಯಾರು?"

"ಅದನ್ನ ತಗಸ್ತೀನವ್ವಾ."

"ಅಯ್ಯ, ಖರೇನ?"

"ಖರೇ."

ಆ ಖರೆಯ ಹುಮ್ಮಸ್ಸಿನಲ್ಲೇ ನಾನು ಅದೇ ವಾರ ಕಮಿಟಿಗೆ ಒಂದು ಠರಾವು ಬರೆದುಕೊಟ್ಟೆ. ಇನ್ನು ಮುಂದೆ ಹೊಸ ಕಲ್ಲು ಬೇಡ. ಹಾಕಿದವರು ತಾವಾಗಿ ತೆಗೆಸಲು ಮುಂದೆ ಬರಲಿ, ಮೊದಲು ನಾನೇ ಬರುತ್ತೇನೆ. ಮತ್ತು ಎಂಟು ವರ್ಷ ದಾಟಿದ, ಗುರುತಿಲ್ಲದ, ಕೇಳುವವರಿಲ್ಲದ ಕುಣಿಗಳನ್ನು ಹೊಸಬರಿಗೆ ಕೊಡಬೇಕು, ಯಾಕೆಂದರೆ ಮಣ್ಣು ಎಲ್ಲರದು. ಠರಾವು ಒಮ್ಮತದಿಂದ ಪಾಸಾಯಿತು. ಆ ಹೊತ್ತಿಗೆ ಹೊರಗಿನಿಂದ ಪುಲಾವಿನ ವಾಸನೆ ಬರುತ್ತಿತ್ತೆಂಬುದನ್ನೂ ದಾಖಲಿಸಬೇಕು.

ಕಮಿಟಿಯ ಸೆಕ್ರೆಟರಿ ಒಬ್ಬ ನಿವೃತ್ತ ಕಂಪೌಂಡರು. ಊರಿಗೆಲ್ಲ ಕಂಪೌಂಡರ್ ಕಾಕಾ. ಔಷಧದ ಚೀಟಿ ಬರೆದಂತೆ ಎಲ್ಲವನ್ನೂ ಕ್ರಮ ಹಾಕಿ ಬರೆಯುವುದು ಅವರ ಚಟ. ಮರುದಿನವೇ ಸ್ಮಶಾನ ಸುತ್ತಿ ಗುರುತಿಲ್ಲದ ಕುಣಿಗಳ ಯಾದಿ ಮಾಡಿ, ಗುಡಿಯ ಬಾಗಿಲಿಗೆ ಅಂಟಿಸಿದರು.

*

ಈಸ್ಟರಿನ ಬೆಳಗ್ಗೆ ಸೂರ್ಯ ಹುಟ್ಟುವ ಮುಂಚೆ ನಾವೆಲ್ಲ ಸ್ಮಶಾನದಲ್ಲಿ ಸೇರಿ ಹಾಡುತ್ತೇವೆ. ಅದಕ್ಕಾಗಿ ಹಿಂದಿನ ದಿನ ಎಲ್ಲರೂ ತಮ್ಮ ತಮ್ಮವರ ಕುಣಿಯ ಹುಲ್ಲು ಕಿತ್ತು ಸುಣ್ಣ ಬಳಿಯಬೇಕು. ಆ ಶನಿವಾರ ನಾನು ಸುಣ್ಣದ ಬಕೆಟ್ಟಿನ ಜೊತೆ ಅಳತೆ ಟೇಪನ್ನೂ ಒಯ್ದಿದ್ದೆ. ಕಲ್ಲು ಎತ್ತಲು ಎಷ್ಟು ಆಳು ಬೇಕೆಂದು ಕುಣಿ ತೋಡುವವನನ್ನು ಕೇಳಬೇಕಿತ್ತು. ಅವನು ಜಮಖಂಡಿ ಕಡೆಯಿಂದ ಕೂಲಿಗೆ ಬಂದು ಇಲ್ಲೇ ನಿಂತವನು. ಬೋರ್‌ವೆಲ್ಲು, ಪಾಯ, ಕುಣಿ ಎಲ್ಲ ತೋಡುತ್ತಾನೆ. ಹಿಂದೂ ಮನುಷ್ಯ, ಆದರೆ ನಮ್ಮ ಅಂತ್ಯಕ್ರಿಯೆಯ ಹಾಡುಗಳೆಲ್ಲ ಅವನಿಗೆ ಬಾಯಿಪಾಠ.

ಅವ್ವ ತನ್ನ ಎಡಗಡೆಯ ಗರಿಕೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಹೂವಿನ ಗಂಟು ಬಿಚ್ಚುತ್ತಿದ್ದಳು. ನಾನು ಕಲ್ಲಿನ ಉದ್ದ ಅಳೆದೆ.

"ತಗಸು, ಚಲೋ ಕೆಲಸ," ಎಂದಳು ತಲೆ ಎತ್ತದೆ. "ಆದ್ರ ನನ್ನ ಅಲ್ಲಿ ಇಡಬ್ಯಾಡ."

"ಅಪ್ಪನ ಕುಣಿಯಾಗ ಇಡು ಅಂತ ನೀನ ಹೇಳತಿದ್ದೆಲ್ಲ?"

"ಈಗೂ ಹೇಳ್ತೀನಿ. ಅಪ್ಪನ ಕುಣಿಯಾಗ ಇಡು. ಅದು ಅಪ್ಪನ ಕುಣಿ ಅಲ್ಲ."

ಟೇಪು ನನ್ನ ಕೈಯಿಂದ ಸುರ್ರೆಂದು ಒಳಗೆ ಸರಿಯಿತು.

"ನಿಮ್ಮಪ್ಪ ಇಲ್ಲಿ ಅದಾನ," ಎಂದು ಅವ್ವ ಗರಿಕೆಯ ಮೇಲೆ ಅಂಗೈ ಇಟ್ಟಳು. "ಕಲ್ಲಿನ ಬುಡಕ ಇದ್ದಾಕಿ ಬಿಜಾಪುರ ಕಡೆ ಮುದುಕಿ. ಮಗಳ ಬಾಣಂತನಕ್ಕ ಬಂದು ತಾನ ಹೋಗಿಬಿಟ್ಲು ಪಾಪ. ಹೊಳಿ ತುಂಬಿ ದಾರಿ ನಿಂತಿತ್ತು, ಇಲ್ಲೇ ಮಣ್ಣು ಕೊಟ್ರು. ನಿಮ್ಮಪ್ಪ ಹೋಗಿ ಮೂರ ದಿನ ಆಗಿತ್ತು. ನಮ್ಮ ವಾರ್ಡಿನ ಹುಡುಗ್ಯಾರು ಬಂದಿದ್ರು, ನಾನೂ ಬಂದಿದ್ದೆ. ನೀ ಇರಲಿಲ್ಲ."

"ಮತ್ತ ಕಲ್ಲು ಹಾಕೂ ಮುಂದ ಯಾಕ ಹೇಳಲಿಲ್ಲ?"

"ಹಾಕೂ ಮುಂದ ನನ್ನ ಕರದಿದ್ದೇನು? ಹಾಕಿದ ಮ್ಯಾಲ ಕರದಿ. ನೋಡಿದ್ರ ನೀ ಅದರ ಸುತ್ತ ತಿರುಗಿ ತಿರುಗಿ ಫೋಟೋ ತಗೀತಿದ್ದಿ. ಹೆಂಗ ಹೇಳಲಿ? ಮತ್ತ ಕಲ್ಲು ಅವನ ಎದಿ ಮ್ಯಾಲ ಇಲ್ಲಲ್ಲ, ಹೋಗ್ಲಿ ಬಿಡು, ಅವಗೂ ಆರಾಮ, ಇಕಿಗೂ ಸಂತೋಷ ಅಂದೆ."

ಇಷ್ಟು ಹೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. "ಎಂಟು ವರ್ಷ ಆತು, ಆ ಮುದುಕಿ ನಿಮ್ಮಪ್ಪನ ಹೆಸರು ಹೊತ್ಕೊಂಡು ಮಲಗ್ಯಾಳ. ಆಕಿ ಗಂಡ ಬಂದು ನೋಡಿದ್ರ ನಾ ಏನ ಉತ್ತರಾ ಕೊಡಬೇಕು?"

ನಾನು ನಗಲಿಲ್ಲ. ಕಂಪೌಂಡರ್ ಕಾಕಾನ ಯಾದಿ ನೆನಪಾಗಿತ್ತು. ಬಾಗಿಲಿಗೆ ಅಂಟಿಸಿದ ಆ ಹಾಳೆಯ ಮೊದಲ ಸಾಲು: ಮೂರನೇ ಸಾಲು, ಕರಿ ಕಲ್ಲಿನ ಎಡಕ್ಕೆ, ಗುರುತಿಲ್ಲ, ಕೇಳುವವರಿಲ್ಲ. ಮುಂದೆ ಯಾರು ತೀರಿಕೊಂಡರೂ ಅವರಿಗೆ ಮೊದಲು ಕೊಡುವ ಜಾಗ ಅದು. ಅವ್ವನಿಗೆ ಬೇಕಾದ ಒಂದೇ ಒಂದು ತುಂಡು ಮಣ್ಣನ್ನು ನಾನೇ ಠರಾವು ಬರೆದು ದಾನ ಮಾಡಿದ್ದೆ. ಮುದುಕಿಯನ್ನು ಮಾತ್ರ ನನ್ನ ಗ್ರಾನೈಟು ಭದ್ರವಾಗಿ ಕಾಪಾಡಿತ್ತು.

ಅವ್ವನಿಗೆ ಯಾದಿಯ ವಿಷಯ ಹೇಳಿದೆ. ಅವಳ ನಗು ನಿಂತಿತು. ಹೂವನ್ನು ಇಟ್ಟ ಜಾಗದಿಂದ ಸ್ವಲ್ಪ ಸರಿಸಿ ಮತ್ತೆ ಅಲ್ಲೇ ಇಟ್ಟಳು.

"ಹಂಗಾರ ಲಗೂನ ಸಾಯಬೇಕಾತು ನಾನು," ಎಂದಳು. ತಮಾಷೆಯಂತೆ ಹೇಳಿದಳು, ಆದರೆ ನನ್ನ ಕಡೆ ನೋಡಲಿಲ್ಲ.

*

ಮನೆಗೆ ಬಂದು ಡೈರಿ ತೆಗೆದೆ. ಕಲ್ಲು ಹಾಕಿಸಿದ ದಿನದ ಪುಟ ಸಿಕ್ಕಿತು. ಒಂದು ಪುಟ ತುಂಬ ಬರೆದಿದ್ದೇನೆ: ಹೊಳಪು ಹೇಗಿತ್ತು, ಅದರಲ್ಲಿ ಬೇವಿನ ಎಲೆಗಳು ಹೇಗೆ ಕಂಡವು, ಮೇಸ್ತ್ರಿ ಎರಡು ಸಲ ಚಹಾ ಕುಡಿದ, ನನಗೆ ಅಳು ಬಂತು. ಎಲ್ಲಿ ಹಾಕಿಸಿದೆ, ಆ ಜಾಗವೇ ಎಂದು ಹೇಗೆ ಗೊತ್ತಾಯಿತು, ಅದರ ಬಗ್ಗೆ ಒಂದಕ್ಷರವಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನದ ಪುಟದಲ್ಲಿ ಎರಡೇ ಶಬ್ದ: ಗಾಳಿ ಇತ್ತು.

ಈಗ ನೆನಪಿಸಿಕೊಂಡರೆ ಕಾಣುವುದು ಹೀಗೆ. ಮಳೆಗೆ ಗೆದ್ದಲು ಹಿಡಿದು ಕಟ್ಟಿಗೆಯ ಶಿಲುಬೆ ಬಿದ್ದುಹೋಗಿದೆ. ಎರಡು ಮಣ್ಣಿನ ದಿಬ್ಬಗಳು ಕುಸಿದು ಒಂದೇ ಥರ ಕಾಣುತ್ತಿವೆ. ಮೇಸ್ತ್ರಿ "ಯಾವ್ದು ಬಾಯಿ?" ಎಂದು ಕೇಳುತ್ತಾನೆ. ನಾನು ಒಂದು ಕ್ಷಣವೂ ತಡೆಯದೆ ಬೆರಳು ತೋರಿಸುತ್ತೇನೆ. ಆ ಬೆರಳು ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ಅದು ಯಾವ ಕಡೆ ತೋರಿಸಿತೆಂಬುದು ಕಾಣುವುದಿಲ್ಲ. ಅಥವಾ ಈ ಚಿತ್ರವನ್ನೇ ನಾನು ಶನಿವಾರ ಅವ್ವನ ಮಾತು ಕೇಳಿದ ಮೇಲೆ ಕಟ್ಟಿಕೊಂಡೆನೋ, ಗೊತ್ತಿಲ್ಲ.

ಸಂಜೆ ಮತ್ತೆ ಹೋದೆವು. ಕುಣಿ ತೋಡುವವನು ಸುಣ್ಣದ ಡಬ್ಬಿಗಳನ್ನು ತೊಳೆಯುತ್ತಿದ್ದ.

"ನೆನಪ ಐತೇನೋ? ನಮ್ಮನೆಯವರದು ಇದೋ, ಅದೋ?" ಎಂದು ಅವ್ವ ಕೇಳಿದಳು.

"ಆಯಿ, ತೋಡಿದ್ದೆಲ್ಲ ನೆನಪಿಟ್ಟುಕೊಂಡ್ರ ನನಗ ನಿದ್ದಿ ಬರಬೇಕಲ್ಲರಿ?"

"ನನಗ ನೆನಪೈತಿ. ಬೇವಿನ ಗಿಡದಿಂದ ಹದಿನಾಲ್ಕು ಹೆಜ್ಜಿ. ಅವತ್ತ ಎಣಿಸೇನಿ."

ವಾರ್ಡಿನಲ್ಲಿ ನಾಡಿ ಎಣಿಸಿ ಎಣಿಸಿ ಅವಳಿಗೆ ಕಂಡದ್ದನ್ನೆಲ್ಲ ಎಣಿಸುವ ಅಭ್ಯಾಸ. ಬೇವಿನ ಬೊಡ್ಡೆಗೆ ಬೆನ್ನು ಹಚ್ಚಿ ನಿಂತು, ಸೀರೆಯನ್ನು ಸ್ವಲ್ಪ ಎತ್ತಿ, ಹೊರಟಳು. ಒಂದು, ಎರಡು, ಮೂರು. ಹದಿನಾಲ್ಕಕ್ಕೆ ಸರಿಯಾಗಿ ಗರಿಕೆಯ ಮೇಲೆ ನಿಂತು, ಗೆದ್ದವರಂತೆ ಸೊಂಟದ ಮೇಲೆ ಕೈಯಿಟ್ಟಳು.

ಅವನು ತಲೆ ಕೆರೆದುಕೊಂಡ. "ಆಯಿ, ಒಂದ ಮಾತು. ಆವಾಗ ನಿಮ್ಮ ಮೊಣಕಾಲು ಚಲೋ ಇತ್ತಲ್ಲರಿ?"

"ಅಂದ್ರ?"

"ಹೆಜ್ಜಿ ಈಗ ಸಣ್ಣ ಆಗ್ಯಾವಲ್ಲರಿ."

ಅವ್ವ ನನ್ನ ಕಡೆ ನೋಡಿದಳು. ನಾನು ಏನೂ ಹೇಳಬಾರದಿತ್ತು. ಆದರೆ ಭೂಗೋಳದ ಬಾಯಿ ಸುಮ್ಮನಿರುವುದುಂಟೇ? ಬೇವಿಗೆ ಬೆನ್ನು ಹಚ್ಚಿ ನಾನೂ ಹದಿನಾಲ್ಕು ಹೆಜ್ಜೆ ಹಾಕಿದೆ. ನನ್ನ ಹದಿನಾಲ್ಕನೇ ಹೆಜ್ಜೆ ಗ್ರಾನೈಟಿನ ಮೇಲೆ ಬಿತ್ತು.

"ನೀ ಉದ್ದ ಹಾಕಿದಿ," ಎಂದಳು ಅವ್ವ.

"ಒಂಬತ್ತು ವರ್ಷದ ಹಿಂದ ನೀನೂ ಇಷ್ಟ ಹಾಕತಿದ್ದಿ."

"ಅವತ್ತ ನಾ ಅಳಕೋತ ನಡದೀನಿ. ಅಳಕೋತ ನಡಿಯಾಕಿ ಉದ್ದ ಹೆಜ್ಜಿ ಹಾಕ್ತಾಳೇನು?"

ಕುಣಿ ತೋಡುವವನು ಮತ್ತೆ ಡಬ್ಬಿ ತೊಳೆಯತೊಡಗಿದ. ಕಲ್ಲು ತಪ್ಪು ಜಾಗದಲ್ಲಿದೆ ಎಂದು ಬೆಳಿಗ್ಗೆ ಖಾತ್ರಿಯಾಗಿತ್ತು. ಸಂಜೆಗೆ ಅದೂ ಖಾತ್ರಿಯಿಲ್ಲ. ಅಪ್ಪ ಎಡಕ್ಕಿದ್ದಾನೆ ಅಥವಾ ಬಲಕ್ಕಿದ್ದಾನೆ. ಇನ್ನೊಂದು ಕಡೆ ನಮಗೆ ಹೆಸರೂ ಗೊತ್ತಿಲ್ಲದ ಒಬ್ಬ ಬಿಜಾಪುರದ ಅಜ್ಜಿ. ಅವ್ವ ಮನೆಯ ಬಾಗಿಲಿಗೆ ಬಂದು ಕೀಲಿ ತೆಗೆಯುವಾಗ, "ಎಂಟು ವರ್ಷ ಹೂವು ಮುದುಕಿಗೆ ಹಾಕೇನೇನ?" ಎಂದು ತನ್ನಷ್ಟಕ್ಕೇ ಕೇಳಿಕೊಂಡಳು.

*

ಈಸ್ಟರಿನ ಆರಾಧನೆ ಮುಗಿದು, ಎಲ್ಲರೂ ಪಾವು ಚಹಾ ತೆಗೆದುಕೊಂಡ ಮೇಲೆ, ಗುಡಿಯ ಪಡಸಾಲೆಯಲ್ಲಿ ಕಮಿಟಿ ಕೂತಿತು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ: ಕಲ್ಲು, ಬೆರಳು, ಮುದುಕಿ, ಹದಿನಾಲ್ಕು ಹೆಜ್ಜೆ. ಎರಡೇ ವಾರದ ಹಿಂದೆ ಇದೇ ಜನರ ಮುಂದೆ ವಾಚಮನ್ನರ ಬಗ್ಗೆ ಮಾತಾಡಿದ್ದೆ. ಯಾರೋ ಚಹಾ ನೆತ್ತಿಗೇರಿ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಎಲ್ಲರಿಗೂ ಗೊತ್ತಿತ್ತು.

ಕಂಪೌಂಡರ್ ಕಾಕಾ ಹಳೆಯ ರಜಿಸ್ಟರು ತರಿಸಿ, ಕನ್ನಡಕ ಒರೆಸಿ, ಓದಿದರು. "ಅಪ್ಪಂದು, ಮೂರನೇ ಸಾಲು. ಆ ಹೆಣ್ಮಗಳದು, ಮೂರನೇ ಸಾಲು. ಮುಗೀತು."

"ಸಾಲಿನಾಗ ಎಷ್ಟನೇದು ಅಂತ ಬರದಿಲ್ಲೇನು ಕಾಕಾ?"

"ಬರದಿಲ್ಲ. ಬರದಾವ ನಾನ. ಯಾಕ ಬರೀಲಿಲ್ಲೋ ದೇವರಿಗೆ ಗೊತ್ತು." ಅವರು ರಜಿಸ್ಟರು ಮುಚ್ಚಿ ದನಿ ತಗ್ಗಿಸಿದರು. "ಇದಕ್ಕ ಇಷ್ಟ ಯಾಕ ತಲಿ ಕೆಡಸ್ಕೋತಿ? ಕಲ್ಲು ಅಲ್ಲೇ ಇರಲಿ. ಎಡಕ್ಕ ಇನ್ನೊಂದು ಸಣ್ಣ ಕಲ್ಲು ಹಾಕಿಸು. ಎರಡಕ್ಕೂ ಗುರುತಾತು, ಎರಡೂ ಯಾದಿಯಿಂದ ಹೋದವು. ನಿಮ್ಮವ್ವನ ಎಲ್ಲಿ ಬೇಕಾದ್ರೂ ಇಡು."

ಇಲ್ಲಿ ನಿಜ ಹೇಳಬೇಕು. ಆ ಮಾತು ನನಗೆ ಹಿತವಾಗಿ ಕೇಳಿಸಿತು. ಸಣ್ಣ ಕಲ್ಲು ತಾನೇ, ಗ್ರಾನೈಟೇ ಆಗಬೇಕೆಂದಿಲ್ಲ, ಶಹಾಬಾದಿ ಪರಸಿಯಾದರೂ ನಡೆದೀತು ಎಂದು ಮನಸ್ಸು ಆಗಲೇ ಅಳತೆ ಹಾಕುತ್ತಿತ್ತು. ಭೂಮಿ ಎಲ್ಲರ ಮನೆ, ಅವ್ವನ ಜಾಗವೊಂದನ್ನು ಬಿಟ್ಟು. ಪಾಸ್ಟರು ನೆಲ ನೋಡುತ್ತಿದ್ದರು. ನಾನು ಹೂಂ ಎಂದರೆ ಅವರು ಬೇಡ ಎನ್ನುವುದಿಲ್ಲ ಎಂಬುದು ಗೊತ್ತಾಗುತ್ತಿತ್ತು. ಅಷ್ಟು ಒಳ್ಳೆಯ ಮನುಷ್ಯ. ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೆಂದು ಆ ರಾತ್ರಿಯ ಡೈರಿಯಲ್ಲೂ ಬರೆದುಕೊಂಡಿಲ್ಲ.

ಅಷ್ಟರಲ್ಲಿ ಬಾಗಿಲ ಹತ್ತಿರ ಚಹಾದ ಕಪ್ಪು ಹಿಡಿದು ಕೂತಿದ್ದ ಅವ್ವ ಮಾತಾಡಿದಳು. ಅವಳು ಕಮಿಟಿಯವಳಲ್ಲ. ಕಮಿಟಿಯ ಅರ್ಧ ಮಂದಿಯನ್ನು ಹುಟ್ಟಿದ ದಿನ ಎತ್ತಿಕೊಂಡವಳು, ಹಾಗಾಗಿ ಯಾರೂ ತಡೆಯುವುದಿಲ್ಲ.

"ಪಾಸ್ಟರ್, ನಾ ಎಷ್ಟ ಜಾಗಾ ಹಿಡೀತೀನ್ರಿ?"

"ಅಂದ್ರರಿ ಅಮ್ಮಾ?"

"ಮಲಗಿದ್ರ. ಎಷ್ಟ ಅಗಲ ಆಗ್ತೀನಿ?"

ಪಾಸ್ಟರು ಕೆಂಪಾದರು. ಹೆಂಗಸಿನ ಅಗಲ ಹೇಳುವುದನ್ನು ಅವರ ಸೆಮಿನರಿಯಲ್ಲಿ ಕಲಿಸಿರಲಿಲ್ಲ.

"ಎರಡ ಗೇಣು, ಮೂರು ಗೇಣು," ಎಂದು ಅವ್ವನೇ ಹೇಳಿದಳು. "ಎರಡ ಕುಣಿ ನಡುವ ಓಡಾಡಾಕ ಅಂತ ಜಾಗಾ ಬಿಟ್ಟೀರಿ. ಕಲ್ಲು ತಗದ್ರ ಇನ್ನೂ ಸ್ವಲ್ಪ ಸಿಗತೈತಿ. ಅಲ್ಲಿ ತೋಡ್ರಿ. ಅವ ಈ ಕಡೆ ಇದ್ರ ಈ ಕಡೆ ತಿರಗ್ತೀನಿ, ಆ ಕಡೆ ಇದ್ರ ಆ ಕಡೆ ತಿರಗ್ತೀನಿ."

"ಮತ್ತ ಮುದುಕಿ?" ಎಂದರು ಕಂಪೌಂಡರ್ ಕಾಕಾ.

"ಆಕೀನೂ ಇರವಲ್ಲಳ್ಯಾಕ. ಎಂಟು ವರ್ಷ ನನ್ನ ಗಂಡನ ಹೆಸರು ಹೊತ್ತಾಳ. ನಡುವ ನಾ ಇದ್ರ ಇಬ್ಬರ ಮ್ಯಾಲೂ ಲಕ್ಷ ಇರತೈತಿ."

ಈ ಸಲ ಯಾರೂ ಕೆಮ್ಮಿನ ಸೋಗು ಹಾಕಲಿಲ್ಲ, ಎಲ್ಲರೂ ನಕ್ಕರು. ಕಂಪೌಂಡರ್ ಕಾಕಾ ಬೆರಳು ಮಡಿಸಿ ಲೆಕ್ಕ ಹಾಕಿದರು. "ಎರಡ ಜಾಗಾದಾಗ ಮೂರು ಮಂದಿ. ಠರಾವಿಗೆ ಇದಕಿಂತ ಏನ ಬೇಕು?" ಎಂದು, ಎದ್ದು ಹೋಗಿ, ಬಾಗಿಲಿನ ಯಾದಿಯಲ್ಲಿ ಮೊದಲ ಸಾಲಿನ ಮೇಲೆ ಗೆರೆ ಎಳೆದರು. ಪಾಸ್ಟರಿಗೆ ಏನಾದರೂ ಹೇಳಬೇಕೆನಿಸಿತು. ನೆಲ ನಮ್ಮದಲ್ಲ, ಆತನದು, ನಾವು ಅದರಲ್ಲಿ ಒಬ್ಬರಿಗೊಬ್ಬರು ಜಾಗ ಮಾಡಿಕೊಡುವವರು ಎಂಬರ್ಥದ ಒಂದು ವಾಕ್ಯ ಶುರು ಮಾಡಿದರು.

"ಅದನ್ನ ನನ್ನ ಮಣ್ಣಿನ ದಿನ ಹೇಳ್ರಿ," ಎಂದಳು ಅವ್ವ. "ಈಗ ಚಹಾ ಆರತೈತಿ."

*

ಮುಂದಿನ ಶನಿವಾರ ಐದು ಜನ ಸೇರಿ ಹಾರೆ ಹಾಕಿ ಕಲ್ಲು ಎತ್ತಿದರು. ಗುಡಿಯ ಹಿಂದಿನ ನಳದ ಕೆಳಗೆ ಅದನ್ನು ಬೋರಲು ಹಾಕುವುದೆಂದು ಹೆಂಗಸರ ಮಂಡಳಿ ತೀರ್ಮಾನಿಸಿತ್ತು. ಹಬ್ಬದ ಪಾತೆಲಿ ತಿಕ್ಕಲು ಅನುಕೂಲ. ಅಪ್ಪನ ಹೆಸರು ಕೆಳಮುಖವಾಗಿ ಹೋಯಿತು. ನನಗೆ ಬೇಸರವಾಗಬಹುದೆಂದುಕೊಂಡಿದ್ದೆ, ಆಗಲಿಲ್ಲ. ಅಥವಾ ಆಗಲಿಲ್ಲವೆಂದು ಬರೆದುಕೊಂಡಿದ್ದೇನೆ.

ಕಲ್ಲಿನ ಕೆಳಗಿನ ಮಣ್ಣನ್ನು ನೋಡಲು ಎಲ್ಲರೂ ಬಗ್ಗಿದರು. ಸುತ್ತಲಿನ ಕಪ್ಪು ನೆಲದ ನಡುವೆ ಅದೊಂದು ಬೂದಿ ಬಣ್ಣದ ಚೌಕ. ಗಟ್ಟಿಯಾಗಿ ಬಿರಿದಿತ್ತು. ಒಂದು ಬೇರಿಲ್ಲ, ಎರೆಹುಳವಿಲ್ಲ. ಒಂದು ಶತಪದಿ ಬೆಳಕಿಗೆ ಹೆದರಿ ಅಂಚಿನ ಕಡೆ ಓಡಿತು. ಎಂಟು ಮಳೆಗಾಲ ಆ ನೆಲಕ್ಕೆ ಮಳೆ ಬಿದ್ದಿರಲಿಲ್ಲ. ಕೆಳಗಿರುವುದು ಅಪ್ಪನೋ ಅಜ್ಜಿಯೋ, ಯಾರೇ ಆಗಿರಲಿ, ಅವರ ಮೇಲಿನ ಮಣ್ಣನ್ನು ನಾನು ಹೊಳಪಿನಿಂದ ಮುಚ್ಚಿ ಸಾಯಿಸಿದ್ದೆ. ಅದರ ಸುತ್ತ ತಿರುಗಿ ಫೋಟೋ ತೆಗೆದಿದ್ದೆ. ತರಗತಿಯಲ್ಲಿ ಮಣ್ಣು ಉಸಿರಾಡುತ್ತದೆ ಎಂದು ವರ್ಷಾವರ್ಷ ಕಲಿಸುವವಳು ನಾನೇ.

ಕುಣಿ ತೋಡುವವನು ಸುಣ್ಣದ ಬಕೆಟ್ಟು ತೊಳೆದು, ನೀರು ತಂದು ಸುರಿದ. ಮಣ್ಣು ಸದ್ದು ಮಾಡುತ್ತ ಕುಡಿಯಿತು. ಇನ್ನೊಂದು ಬಕೆಟ್ಟು ತಂದ. ಅದನ್ನೂ ಕುಡಿಯಿತು.

"ಕುಡಿ ಯವ್ವಾ, ಕುಡಿ," ಎಂದಳು ಅವ್ವ. ಆಮೇಲೆ ಸ್ವಲ್ಪ ಯೋಚಿಸಿ, "ನೀವ ಇದ್ರ ನೀವೂ ಕುಡೀರಿ," ಎಂದು ಗಂಡನಿಗೂ ಹೇಳಿದಳು.

ಆಮೇಲೆ ತನ್ನ ಜಾಗ ಈಗಲೇ ಗೊತ್ತು ಮಾಡಿಸಬೇಕೆಂದು ಹಟ ಹಿಡಿದಳು. ಮತ್ತೆ ಯಾರ ಬೆರಳನ್ನೂ ನಂಬಲು ತಾನು ತಯಾರಿಲ್ಲ ಎಂದಳು, ನನ್ನ ಕಡೆ ನೋಡಿಯೇ. ಎಡಕ್ಕೆ ಗರಿಕೆ, ಬಲಕ್ಕೆ ಒದ್ದೆಯಾದ ಬೂದಿ ಚೌಕ, ನಡುವೆ ಓಡಾಡಿ ಸವೆದ ಕಾಲುದಾರಿ. ಅವನು ನಾಲ್ಕು ಗೂಟ ಕಡಿದು ತಂದ. ತಲೆಯ ಕಡೆ ಎರಡು ನೆಟ್ಟ, ಅಳತೆಗೆಂದು ದಾರ ಎಳೆದ, ಕಾಲಿನ ಕಡೆ ಎರಡು ನೆಟ್ಟ. ಅವ್ವ ದಾರದೊಳಗೆ ಹೋಗಿ ನಿಂತು, ಎರಡೂ ಕಡೆ ಕೈ ಚಾಚಿ ನೋಡಿದಳು. ಎಡಗೈ ಗರಿಕೆಯ ಮೇಲಿತ್ತು, ಬಲಗೈ ಒದ್ದೆ ಮಣ್ಣಿನ ಮೇಲೆ. ಅಷ್ಟಕ್ಕೆ ಅವಳಿಗೆ ಸಮಾಧಾನವಾಯಿತೆಂದು ನಾನು ತಿಳಿದೆ. ಇಲ್ಲ, ಅವಳು ಕಾಲಿನ ಕಡೆಯ ಗೂಟಗಳನ್ನು ದಿಟ್ಟಿಸುತ್ತಿದ್ದಳು.

"ಇಷ್ಟ ಉದ್ದ ಯಾರಿಗೆ?"

"ನಿಮಗರಿ ಆಯಿ. ಎಲ್ಲಾರಿಗೂ ಇಷ್ಟ ತಗೀತೇವಿ."

"ನಾ ಎಲ್ಲಾರಷ್ಟು ಇಲ್ಲ. ನೋಡು," ಎಂದು ಅವಳು ನೆಟ್ಟಗೆ ನಿಂತು ತೋರಿಸಿದಳು. ನೆಟ್ಟಗೆ ನಿಂತರೂ ಅವನ ಭುಜದಷ್ಟೇ ಬಂದಳು. "ಹಿಂದ ತಗೋ. ಆ ಕಡೆ ಬರಾವ್ರಿಗೆ ಆಗತೈತಿ."

ಅವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಬಗ್ಗಿ, ಎರಡೂ ಗೂಟಗಳನ್ನು ಕಿತ್ತು, ಒಂದು ಗೇಣು ಒಳಗೆ ನೆಟ್ಟ.